ಎರಡು ವರ್ಷ ಬಳಸಿದ ಮೇಲೆ: ಉದ್ದ ಕೋಲಿನ ಕ್ವೀನ್ ಸ್ಕ್ವೇರ್ ಹ್ಯಾಮರ್

ಫಿಸಿಯೋಥೆರಪಿ ಓದುವಾಗ ಎಲ್ಲರಂತೆ ನಾನೂ ತ್ರಿಕೋನದ ರಬ್ಬರ್ ತಲೆಯ ಟೇಲರ್ ಹ್ಯಾಮರ್ ಕೊಂಡಿದ್ದೆ. ಮಂಡಿ, ಹಿಮ್ಮಡಿಯಂಥ ಕಡೆ ತಟ್ಟಿ, ಕೈಕಾಲು ತಾನಾಗಿ ಜಗ್ಗುತ್ತದೆಯೇ ಅಂತ ನೋಡಿ ನರಗಳನ್ನು ಪರೀಕ್ಷಿಸುವ ಸುತ್ತಿಗೆ ಇದು. 1888ರಲ್ಲಿ ಫಿಲಡೆಲ್ಫಿಯಾದ ಡಾಕ್ಟರ್ ಒಬ್ಬರು ಮಾಡಿದ ಮಾದರಿ ಅದು. ಮಾದರಿ ಕೆಟ್ಟದ್ದಲ್ಲ. ಆದರೆ ನನಗೆ ಸಿಕ್ಕಿದ್ದು ತುಂಬಾ ಹಗುರ. ಮಂಡಿಗೆ ಹೇಗೋ ನಡೆಯುತ್ತಿತ್ತು, ಹಿಮ್ಮಡಿಗೆ ಮಾತ್ರ ಕೈಕೊಡುತ್ತಿತ್ತು.

ಇಂಟರ್ನ್‌ಶಿಪ್ ಸಮಯದಲ್ಲಿ ಅಡಿಕೆ ಗೊನೆ ಇಳಿಸುವ ಕೆಲಸದ ಹಿರಿಯರೊಬ್ಬರು ಬಂದಿದ್ದರು. ಸೊಂಟದಿಂದ ಬಲಗಾಲಿನ ಕಿರುಬೆರಳಿನ ತನಕ ಎಳೆಯುವ ನೋವು. ನಾನು ಹತ್ತಾರು ಸಲ ಹೊಡೆದು ನೋಡಿ, ಎರಡೂ ಕಾಲಲ್ಲಿ ಆಂಕಲ್ ಜರ್ಕ್ (ಹಿಮ್ಮಡಿಯ ಹಿಂದೆ ತಟ್ಟಿದಾಗ ಪಾದ ಜಗ್ಗುವುದು) ಇಲ್ಲ ಅಂತ ಶೀಟಿನಲ್ಲಿ ಬರೆದೆ. ನಮ್ಮ ಮೇಡಂ ಓದಿದರು. ಏನೂ ಬೈಯಲಿಲ್ಲ. ತಮ್ಮ ಉದ್ದ ಕೋಲಿನ ಹ್ಯಾಮರ್ ನನ್ನ ಕೈಗೆ ಕೊಟ್ಟು, "ನೀನು ಹೊಡೀತಾ ಇದ್ದೀಯ. ಅದನ್ನ ಬೀಳೋಕೆ ಬಿಡು" ಅಂದರು. ಹಿರಿಯರನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಪಾದ ಅಂಚಿನಿಂದ ಆಚೆ ಇಳಿಬಿಡುವಂತೆ ಮಾಡಿದೆವು. ಎಡಗಾಲಿನ ಪಾದ ಸ್ಪಷ್ಟವಾಗಿ ಜಗ್ಗಿತು. ಬಲಗಾಲು ಮಾತ್ರ ಸುಮ್ಮನಿತ್ತು.

ಎರಡೂ ಕಡೆ ಇಲ್ಲ ಅಂದರೆ ವಯಸ್ಸು, ಸಕ್ಕರೆ ಕಾಯಿಲೆ ಅಂತ ಬಿಟ್ಟುಬಿಡಬಹುದಿತ್ತು. ಒಂದೇ ಕಡೆ ಇಲ್ಲ ಅಂದಾಗ ಬೆನ್ನುಹುರಿಯಿಂದ ಕಾಲಿಗೆ ಹೊರಡುವ, ಬಲಗಡೆಯ ಎಸ್1 ನರದ ಬೇರಿನ ಕಡೆಗೇ ಬೆರಳು ಹೋಗುತ್ತದೆ. ನನ್ನ ಶೀಟು ಆ ಸುಳಿವನ್ನೇ ಅಳಿಸಿಹಾಕಿತ್ತು. ಮೊದಲ ಸಂಬಳ ಬಂದ ವಾರವೇ ಈ ಹ್ಯಾಮರ್ ಕೊಂಡೆ.

ಇದರ ತಲೆ ಒಂದು ದುಂಡನೆಯ ಚಕ್ರ, ಸುತ್ತ ದಪ್ಪ ರಬ್ಬರ್ ಬಳೆ. ತೂಕವೆಲ್ಲ ತುದಿಯಲ್ಲಿದೆ. ಕೋಲಿನ ಹಿಂದಿನ ತುದಿಯನ್ನು ಸಡಿಲವಾಗಿ ಹಿಡಿದು ಬಿಟ್ಟರೆ ತಾನೇ ತೂಗಿಕೊಂಡು ಬೀಳುತ್ತದೆ. ಪ್ರತಿ ಏಟೂ ಹೆಚ್ಚುಕಡಿಮೆ ಒಂದೇ ಸಮ. ಎಡಬಲ ಹೋಲಿಸಬೇಕಾದಾಗ ಅದೇ ಮುಖ್ಯ ಅಲ್ವಾ? ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯ ಮಿಸ್ ವಿಂಟಲ್ ಎಂಬ ನರ್ಸ್ ಹಿತ್ತಾಳೆ ಚಕ್ರ, ರಬ್ಬರ್ ಬಳೆ, ಬಿದಿರಿನ ಕೋಲು ಸೇರಿಸಿ ಇದನ್ನು ಮಾಡಿ ಅಲ್ಲಿನ ಡಾಕ್ಟರುಗಳಿಗೆ ಮಾರುತ್ತಿದ್ದರಂತೆ. ದಿನಾ ವಾರ್ಡಿನಲ್ಲಿ ಓಡಾಡಿದವರ ಕೈಯ ಕೆಲಸ ಅಂತ ಬಳಸುವಾಗ ಗೊತ್ತಾಗುತ್ತದೆ.

ಆದರೂ ಜರ್ಕ್ ಬರಲಿಲ್ಲ ಅಂದರೆ ತಕ್ಷಣ ಶೀಟಿನಲ್ಲಿ ಸೊನ್ನೆ ಹಾಕಬೇಡಿ. ಎರಡೂ ಕೈಬೆರಳು ಕೊಕ್ಕೆ ಹಾಕಿಸಿ ಜೋರಾಗಿ ಎಳೆಯಲು ಹೇಳಿ, ಅದೇ ಕ್ಷಣಕ್ಕೆ ಹ್ಯಾಮರ್ ಬಿಡಿ. ಬುಡಾಪೆಸ್ಟಿನ ಡಾಕ್ಟರ್ ಯೆಂಡ್ರಾಸಿಕ್ 1885ರಲ್ಲಿ ಹೇಳಿಕೊಟ್ಟ ಉಪಾಯ. ಅಡಗಿದ್ದ ಜರ್ಕ್ ಎಷ್ಟೋ ಸಲ ಹೊರಗೆ ಬರುತ್ತದೆ.

ಕೋಲಿನ ಚೂಪು ತುದಿ ಬಾಬಿನ್‌ಸ್ಕಿ ಪರೀಕ್ಷೆಗೆ. ಹಿಮ್ಮಡಿಯಿಂದ ಅಂಗಾಲಿನ ಹೊರಅಂಚಿನ ಗುಂಟ ನಿಧಾನವಾಗಿ ಗೀರಬೇಕು. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲೆದ್ದರೆ ಮೆದುಳು ಅಥವಾ ಬೆನ್ನುಹುರಿಯ ಕಡೆ ತೊಂದರೆ ಇರಬಹುದು. ಕಚಗುಳಿಗೆ ಇಡೀ ಕಾಲನ್ನೇ ಎಳೆದುಕೊಂಡರೆ ಅದು ಲೆಕ್ಕಕ್ಕಿಲ್ಲ. ಒಂದು ವರ್ಷದೊಳಗಿನ ಮಗುವಿನಲ್ಲಿ ಬೆರಳು ಮೇಲೇಳುವುದು ಸಹಜ, ತಾಯಂದಿರು ಗಾಬರಿಯಾಗುವುದು ಬೇಡ. ನನ್ನ ಹ್ಯಾಮರಿನ ತುದಿ ಸ್ವಲ್ಪ ಜಾಸ್ತಿಯೇ ಚೂಪು. ಸಕ್ಕರೆ ಕಾಯಿಲೆಯವರ ಕಾಲಿಗೆ ಇದನ್ನು ಮುಟ್ಟಿಸುವುದಿಲ್ಲ, ಗೀರಿದ್ದು ಅವರಿಗೆ ಗೊತ್ತೇ ಆಗದೆ ಗಾಯವಾಗಬಹುದು. ಅವರಿಗೆ ನನ್ನ ಹೆಬ್ಬೆರಳೇ ಸಾಕು.

ಕೊರತೆಗಳೂ ಇವೆ. ಬ್ಯಾಗಿನಲ್ಲಿ ಹಿಡಿಯುವುದಿಲ್ಲ, ಮನೆಗೆ ಹೋಗಿ ನೋಡುವಾಗ ಕೊಡೆಯಂತೆ ಕೈಯಲ್ಲೇ ಒಯ್ಯಬೇಕು. ತೋಳಿನ ಬೈಸೆಪ್ಸ್ ಜರ್ಕ್ ನೋಡುವಾಗ ನಮ್ಮ ಹೆಬ್ಬೆರಳ ಮೇಲೇ ಬೀಳಿಸಬೇಕಲ್ಲ, ಸಂಜೆ ಹೊತ್ತಿಗೆ ಉಗುರಿನ ಬುಡ ನೋಯುತ್ತದೆ. ಉದ್ದ ಕೋಲು ಕಂಡರೆ ಮಕ್ಕಳು ಅಳುತ್ತಾರೆ. ಅವರಿಗೆ ಮೊದಲು ಹ್ಯಾಮರ್ ಕೊಟ್ಟು, ನನ್ನ ಮಂಡಿಗೆ ಹೊಡೆಯಲು ಬಿಡುತ್ತೇನೆ.

ಕೊಳ್ಳುವಾಗ ರಬ್ಬರ್ ಬಳೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಬೇಡ, ಕೆಲವೇ ತಿಂಗಳಲ್ಲಿ ಕಳಚಿ ಬರಿ ಲೋಹ ತಗಲುತ್ತದೆ. ಚುಚ್ಚಿ ನೋವು ಗೊತ್ತಾಗುತ್ತದೆಯೇ ಅಂತ ನೋಡಲು ಹಿಡಿಯೊಳಗೆ ಸೂಜಿ ಇರುವ ಮಾದರಿಗಳನ್ನೂ ತೋರಿಸುತ್ತಾರೆ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಬಾರದು, ಹಾಗಾಗಿ ಆ ಸೂಜಿಗೆ ದುಡ್ಡು ಕೊಡಬೇಡಿ. ಕೋಲು ಪ್ಲಾಸ್ಟಿಕ್ಕಾದರೂ ಪರವಾಗಿಲ್ಲ, ಸ್ವಲ್ಪ ಬಳುಕಬೇಕು.