ವೇಮೊ ಚಾಲಕರಹಿತ ಟ್ಯಾಕ್ಸಿ: ಸವಾರಿ ಸೊಗಸು, ಸಾರಿಗೆಗೆ ಸಾಲದು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಜೂನ್‌ನಿಂದ ಎಲ್ಲರಿಗೂ ಮುಕ್ತವಾಗಿರುವ ವೇಮೊ ಸೇವೆಯನ್ನು ಬರಿಯ ಟ್ಯಾಕ್ಸಿಯೆಂದು ಪರಿಗಣಿಸಿದರೆ ಮೆಚ್ಚದೆ ಇರಲಾಗದು. ಆ್ಯಪ್‌ನಲ್ಲಿ ಕರೆದೊಡನೆ ಹೊರಟು ಬರುವ ಬಿಳಿಯ ಜಾಗ್ವಾರ್ ಐ-ಪೇಸ್ ವಿದ್ಯುತ್ ಕಾರಿನ ನೆತ್ತಿಯ ಮೇಲೆ ನಮ್ಮ ಹೆಸರಿನ ಮೊದಲಕ್ಷರಗಳು ಬೆಳಗುತ್ತಿರುತ್ತವೆ. ಒಳಗೆ ಕುಳಿತು, ಬೆಲ್ಟ್ ಕಟ್ಟಿಕೊಂಡು, ಪರದೆಯ ಮೇಲಿನ ಗುಂಡಿ ಒತ್ತಿದರೆ ಖಾಲಿ ಸೀಟಿನ ಮುಂದೆ ಸ್ಟೀರಿಂಗ್ ತಾನಾಗಿಯೇ ತಿರುಗತೊಡಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜೀಬ್ರಾ ಪಟ್ಟಿಯ ಬಳಿ ಅದು ತೋರುವ ತಾಳ್ಮೆ. ಊರುಗೋಲು ಹಿಡಿದ ಹಿರಿಯರೊಬ್ಬರು ನಿಧಾನವಾಗಿ ರಸ್ತೆ ದಾಟಿ ಆಚೆಯ ಫುಟ್‌ಪಾತ್ ಏರುವವರೆಗೂ ಕಾರು ಕದಲಲಿಲ್ಲ, ಹಾರನ್ ಮಾಡಲಿಲ್ಲ. ಕಣ್ಣು ಕಾಣದವರಿಗೆ, ಸ್ವತಃ ಕಾರು ಓಡಿಸಲಾಗದವರಿಗೆ ಇದರಿಂದ ಸಿಗುವ ಸ್ವಾತಂತ್ರ್ಯವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಇದನ್ನೇ ಸುಸ್ಥಿರ ಸಾರಿಗೆಯ ಉತ್ತರವೆಂದು ಮುಂದಿಡುವ ಮಾತನ್ನು ನಾನು ಒಪ್ಪಲಾರೆ. ವಿದ್ಯುತ್ತಿನಿಂದ ಹೊಗೆ ತಪ್ಪಿತೇ ಹೊರತು ರಸ್ತೆಯ ಮೇಲೆ ಕಾರು ಹಿಡಿಯುವ ಜಾಗವೇನೂ ತಗ್ಗಲಿಲ್ಲ. ಒಬ್ಬರನ್ನು ಇಳಿಸಿ ಮತ್ತೊಬ್ಬರನ್ನು ಹತ್ತಿಸಿಕೊಳ್ಳುವ ನಡುವೆ ಅದು ಒಳಗೆ ಯಾರೂ ಇಲ್ಲದೆಯೂ ಓಡಾಡುತ್ತದೆ. ಎಲ್ಲೆಂದರಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕೆಲವೊಮ್ಮೆ ಅದು ನಿಲ್ಲುವ ಕಡೆಗೆ ನಾವೇ ನಡೆದು ಹೋಗಬೇಕು, ಅಂದರೆ ಈ ಸೇವೆಗೂ ಒಳ್ಳೆಯ ಫುಟ್‌ಪಾತ್ ಬೇಕೇ ಬೇಕು. 2025ರ ಡಿಸೆಂಬರ್ 20ರಂದು ನಗರದ ದೊಡ್ಡ ಭಾಗದಲ್ಲಿ ವಿದ್ಯುತ್ ಹೋಗಿ ಸಿಗ್ನಲ್‌ಗಳು ಆರಿದಾಗ ಈ ಕಾರುಗಳು ವೃತ್ತಗಳಲ್ಲೇ ನಿಂತುಬಿಟ್ಟವು, ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಇದೇ ನಗರ ಬೇರೊಂದು ದಾರಿಯನ್ನೂ ತೋರಿಸಿದೆ. 1989ರ ಭೂಕಂಪದಲ್ಲಿ ಹಾನಿಗೊಂಡ, ಕಡಲಂಚಿನ ಎಂಬಾರ್ಕಡೆರೊ ಮೇಲ್ಸೇತುವೆಯನ್ನು ದುರಸ್ತಿ ಮಾಡದೆ ಕೆಡವಿದ್ದರಿಂದಲೇ ಇಂದು ದೋಣಿ ನಿಲ್ದಾಣವಾದ ಫೆರಿ ಬಿಲ್ಡಿಂಗ್ ಎದುರು ಕಡಲಂಚಿನಲ್ಲಿ ಜನ ನಿರಾಳವಾಗಿ ನಡೆಯುತ್ತಾರೆ. ಗೋಲ್ಡನ್ ಗೇಟ್ ಉದ್ಯಾನದ ಜೆಎಫ್‌ಕೆ ರಸ್ತೆಯ ಪೂರ್ವಭಾಗವನ್ನು 2020ರಲ್ಲಿ ಕಾರುಗಳಿಗೆ ಮುಚ್ಚಲಾಯಿತು. 2022ರ ನವೆಂಬರ್‌ನಲ್ಲಿ ಮತದಾರರು ಅದನ್ನು ಎತ್ತಿಹಿಡಿದರು. ಅಲ್ಲೀಗ ನಡುರಸ್ತೆಯಲ್ಲೇ ಮಕ್ಕಳು ಸೈಕಲ್ ಕಲಿಯುತ್ತಾರೆ, ಹಿಂದಿನಿಂದ ಓಡುವ ತಂದೆತಾಯಿಯ ಕಣ್ಣು ಮಗುವಿನ ಮೇಲಿರುತ್ತದೆಯೇ ವಿನಾ ಬರುವ ವಾಹನಗಳ ಮೇಲಲ್ಲ. ಎಷ್ಟೇ ಸಭ್ಯವಾಗಿ ಓಡುವ ಕಾರೂ ಈ ನೆಮ್ಮದಿಯನ್ನು ಕೊಡಲಾರದು, ಏಕೆಂದರೆ ಇದು ಕಾರಿಲ್ಲದ್ದರಿಂದ ಬಂದ ನೆಮ್ಮದಿ.

ತಡರಾತ್ರಿ ಬಸ್ಸು ವಿರಳವಾದಾಗ, ಸಾಮಾನು ಹೆಚ್ಚಿದ್ದಾಗ, ಜೊತೆಯಲ್ಲಿ ನಡೆಯಲಾರದವರಿದ್ದಾಗ ವೇಮೊ ಕರೆಯಿರಿ ಎಂದು ಧೈರ್ಯವಾಗಿ ಹೇಳುತ್ತೇನೆ. ದಿನನಿತ್ಯದ ಓಡಾಟಕ್ಕೆ ಮಾತ್ರ ಬೇಡ. ನಗರದ ಮ್ಯೂನಿ ಬಸ್ಸು ಮತ್ತು ಟ್ರಾಮ್ ಸೇವೆ ಈಗಾಗಲೇ ಹಣದ ಕೊರತೆಯಿಂದ ಬಳಲುತ್ತಿದೆ; ಅನುಕೂಲಸ್ಥರು ಒಬ್ಬೊಬ್ಬರಾಗಿ ಈ ಕಾರುಗಳಿಗೆ ಸರಿದರೆ ಬಸ್ಸನ್ನೇ ನೆಚ್ಚಿಕೊಂಡವರು ನಿಲ್ದಾಣದಲ್ಲಿ ಇನ್ನಷ್ಟು ಹೊತ್ತು ಕಾಯಬೇಕಾದೀತು ಎಂಬ ಆತಂಕ ನನಗಿದೆ.