ನಾಲ್ಕು ಚಟ್ಟಿ ಆರ್ಕಿಡ್, ಒಂದು ಮಳೆಗಾಲ

ಬದಿಯಡ್ಕದ ನಮ್ಮ ಮನೆಯ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ, ನಮ್ಮ ಕಾಡಿನ ಆರ್ಕಿಡ್. ಮಣ್ಣಿಲ್ಲ, ಗೊಬ್ಬರ ಇಲ್ಲ. ಆದರೂ ಮಳೆಗೆ ಮೊದಲು ಹೂ ಗೊಂಚಲು ಇಳಿಬಿಡುತ್ತದೆ. ದುಡ್ಡು ಕೊಟ್ಟು ತಂದ ಡೆಂಡ್ರೋಬಿಯಂ ಆರ್ಕಿಡ್ ಮಾತ್ರ ಮೊದಲ ಮಳೆಗಾಲಕ್ಕೇ ಹೋಯಿತು. ಚಟ್ಟಿ ಬೋರಲು ಹಾಕಿ ನೋಡಿದೆ. ತುಂಬಾ ನಾರಿನ ಹುಡಿ, ಒದ್ದೆ ಸ್ಪಂಜಿನ ಹಾಗೆ. ಬೇರು ಹಿಡಿದು ಎಳೆದರೆ ಕಂದು ಸಿಪ್ಪೆ ಕಳಚಿ, ಒಳಗಿನ ನೂಲು ಕೈಗೆ ಬಂತು.

ಹಾಗಾಗಿ ಕಳೆದ ವರ್ಷ ಒಂದೇ ಜಾತಿಯ ನಾಲ್ಕು ಡೆಂಡ್ರೋಬಿಯಂ ಗಿಡ ತಂದೆ. ಏಪ್ರಿಲ್‌ನಲ್ಲಿ ನಾಲ್ಕನ್ನೂ ಬೇರೆ ಬೇರೆ ಮಿಶ್ರಣಕ್ಕೆ ಹಾಕಿ, ಎರಚಲು ಬೀಳುವ ಜಗಲಿಯ ಅಂಚಿನಲ್ಲಿ ಸಾಲಾಗಿ ತೂಗುಹಾಕಿದೆ.

ಅಡಿಕೆ ಸಿಪ್ಪೆ ಅತ್ತೆಯ ಸಲಹೆ. "ರಾಶಿ ಬಿದ್ದಿದೆಯಲ್ಲ, ಅದನ್ನೇ ಹಾಕು ಮಾರಾಯ್ತಿ" ಅಂದರು. ಜುಲೈ ಮುಗಿಯುವಷ್ಟರಲ್ಲಿ ಅದರಲ್ಲಿ ಅಣಬೆ ಎದ್ದಿತ್ತು. ಅಷ್ಟು ಸಾಕು.

ತೆಂಗಿನ ಸಿಪ್ಪೆಯ ತುಂಡಿನ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಉಪ್ಪು, ಕರೆ ಇಳಿಯಲಿ ಅಂತ ಒಂದು ವಾರ ನೀರು ಬದಲಿಸುತ್ತಾ ನೆನೆಸಿದ್ದೆ. ಮೇ ತಿಂಗಳಲ್ಲಿ ಎಲ್ಲಕ್ಕಿಂತ ಮೊದಲು ಬೇರು ಬಿಟ್ಟದ್ದು ಈ ಗಿಡವೇ. ಆಮೇಲೆ ಆಟಿ ಬಂತು, ಜೋರು ಮಳೆಯ ತಿಂಗಳು. ನಾಲ್ಕೈದು ದಿನ ಬಿಸಿಲೇ ಇಲ್ಲ. ತುಂಡಿನ ಮೇಲ್ಭಾಗ ಆರಿದ ಹಾಗೆ ಕಂಡರೂ ಒಳಗೆ ಹಿಂಡಿದರೆ ನೀರು. ತಂಪಿಗೆ ಸೇರಿಕೊಂಡ ಬಸವನಹುಳು ರಾತ್ರಿ ಹಸಿರು ಬೇರಿನ ತುದಿಗಳನ್ನೇ ಕಡಿದು ಹಾಕಿತು. ಅರ್ಧ ಬೇರು ಹೋಯಿತು.

ಪೈನ್ ತೊಗಟೆ ನಮ್ಮೂರಿನದ್ದಲ್ಲ, ಚೀಲದಲ್ಲಿ ಬರಬೇಕು, ದುಬಾರಿ. ಮಳೆಗೆ ಜಗ್ಗಲಿಲ್ಲ, ನಿಜ. ಆದರೆ ಫೆಬ್ರವರಿಯಲ್ಲಿ ಒಮ್ಮೆ ಪೂರ್ತಿ ಒಣಗಿದ ಮೇಲೆ ನೀರು ಹೊಯ್ದರೆ ಹಾಗೇ ಜಾರಿ ಹೋಗುತ್ತದೆ. ಬಾಲ್ದಿಯಲ್ಲಿ ಚಟ್ಟಿ ಮುಳುಗಿಸಿ ಇಪ್ಪತ್ತು ನಿಮಿಷ ಇಡಬೇಕು. ಮನೆಯೊಳಗೆ ಕಿಟಕಿ ಪಕ್ಕ ಇಡುವ ಫಲೆನಾಪ್ಸಿಸ್ ಆರ್ಕಿಡ್‌ಗೆ ನಾನು ಈಗಲೂ ಇದನ್ನೇ ಬಳಸುತ್ತೇನೆ.

ನಾಲ್ಕನೆಯದು ಕೊಟ್ಟಿಗೆಯ ಹಳೆ ಹಂಚಿನ ಚೂರು ಮತ್ತು ಬಚ್ಚಲ ಒಲೆಯ ಇದ್ದಿಲು. ಹೆಬ್ಬೆರಳಿನ ಗಾತ್ರದ ತುಂಡುಗಳು. ಇದ್ದಿಲನ್ನು ಬೂದಿ ಹೋಗುವ ತನಕ ತೊಳೆಯಲೇಬೇಕು, ಬೂದಿ ಕ್ಷಾರ. ನೋಡಲು ಚಂದ ಇಲ್ಲ, ಯಾರೋ ಚಟ್ಟಿಗೆ ಕಸ ತುಂಬಿದ ಹಾಗೆ. ಆದರೆ ಆಟಿಯಲ್ಲೂ ಈ ಗಿಡದ ಬೇರು ಗಟ್ಟಿಯಾಗಿತ್ತು, ತುದಿ ಹಸಿರಾಗಿತ್ತು. ಹಂಚಿಗೆ ಎಷ್ಟು ಬಿಗಿಯಾಗಿ ಅಂಟಿತ್ತು ಅಂದರೆ ಬಿಡಿಸಲು ಹೋದರೆ ಬೇರೇ ತುಂಡಾಗುತ್ತಿತ್ತು. ಮರದ ಮೇಲಿನ ಸೀತಾಳೆಯದ್ದೂ ಇದೇ ಕತೆ ಅಲ್ವಾ? ಬೇರಿನ ಹೊರಗಿನ ಬಿಳಿ ಪದರ ನೀರನ್ನು ಗಬಕ್ಕನೆ ಹೀರಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಗಾಳಿ ಬೇಕು. ಒದ್ದೆಯಾದಾಗ ಹಸಿರು, ಆರಿದಾಗ ಬೆಳ್ಳಿ ಬಣ್ಣ. ಬೆಳ್ಳಿ ಕಂಡ ಮೇಲೆ ನೀರು ಕೊಟ್ಟರೆ ಸಾಕು.

ಇದರ ತೊಂದರೆ ಬೇಸಿಗೆಯಲ್ಲಿ. ಮಾರ್ಚ್‌ನಲ್ಲಿ ದಿನಕ್ಕೆ ಎರಡು ಸಲ ನೀರು. ಗೊಬ್ಬರ ನಿಲ್ಲುವುದಿಲ್ಲ, ವಾರಕ್ಕೊಮ್ಮೆ ತೆಳುವಾಗಿ ಕೊಡುತ್ತಲೇ ಇರಬೇಕು. ಇದ್ದಿಲಲ್ಲಿ ಉಪ್ಪು ಕೂರುವುದರಿಂದ ಆಗಾಗ ಬರೀ ನೀರಲ್ಲಿ ತೊಳೆಯಬೇಕು. ಭಾರವೂ ಹೌದು, ಒಂದು ತಂತಿ ತುಂಡಾಗಿ ಚಟ್ಟಿ ನೆಲಕ್ಕೆ ಬಿತ್ತು.

ಆದರೂ ಈ ಸಲ ಡೆಂಡ್ರೋಬಿಯಂ ಎಲ್ಲವನ್ನೂ ಹಂಚು-ಇದ್ದಿಲಿಗೇ ಹಾಕಿದ್ದೇನೆ. ನೆನೆಸಿದ ತೆಂಗಿನ ಸಿಪ್ಪೆಯ ನಾಲ್ಕು ತುಂಡನ್ನು ಫೆಬ್ರವರಿಯಲ್ಲಿ ಮೇಲೆ ಇಡುತ್ತೇನೆ, ಮೇ ಕೊನೆಗೆ ಎತ್ತಿ ತೆಂಗಿನ ಬುಡಕ್ಕೆ ಹಾಕುತ್ತೇನೆ.