ಪುಷ್ ಪಿನ್ ಕೂಲರ್: ಬಹುಕಾಲ ಬಳಸಿದ ಮೇಲೆ

ಇಂಟೆಲ್ ಪ್ರೊಸೆಸರ್ ಡಬ್ಬದಲ್ಲಿ ಬರುತ್ತಿದ್ದ ದುಂಡನೆ ಕೂಲರ್ ದಿನನಿತ್ಯದ ಕೆಲಸಕ್ಕೆ ಸಾಕು. ತಕರಾರೆಲ್ಲ ಅದನ್ನು ಮದರ್‌ಬೋರ್ಡಿಗೆ ಒತ್ತಿ ಸಿಕ್ಕಿಸುವ ನಾಲ್ಕು ಪ್ಲಾಸ್ಟಿಕ್ ಕಾಲುಗಳದ್ದು, ಅಂದರೆ ಪುಷ್ ಪಿನ್‌ಗಳದ್ದು.

ಹಾಗಂತ ಹಿಂದಿನ ವ್ಯವಸ್ಥೆ ಚೆನ್ನಾಗಿತ್ತು ಅನ್ನೋ ಹಾಗಿಲ್ಲ. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಸಾಕೆಟ್ 370, ಸಾಕೆಟ್ ಎ ಕಾಲದಲ್ಲಿ ಸ್ಟೀಲ್ ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಸಾಕೆಟ್‌ನ ಹಲ್ಲಿಗೆ ಸಿಕ್ಕಿಸಬೇಕಿತ್ತು. ಕೈ ಜಾರಿದರೆ ಬೋರ್ಡಿಗೆ ಗೀರು, ಹಲ್ಲು ಮುರಿದರೆ ಬೋರ್ಡೇ ದಂಡ. ಸಾಕೆಟ್ 478ರ ಎರಡು ಲಿವರ್‌ಗಳ ಹಿಡಿತ ಗಟ್ಟಿ, ಆದರೆ ಬೋರ್ಡ್ ಬಾಗುತ್ತಿತ್ತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದ್ದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಸೊಟ್ಟಗಾಗುತ್ತಿತ್ತು. 2004ರ ಸಾಕೆಟ್ 775ರಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಹಿಡಿದುಕೊಂಡಿತು, ಆ ಕಾಟ ತಪ್ಪಿತು. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ಅದು ಆಮೇಲೂ ಉಳಿದಿತ್ತು.

ಪುಷ್ ಪಿನ್ ಕೂರಿಸುವ ಮೊದಲು ನಾಲ್ಕೂ ತಲೆಗಳನ್ನು ಅವುಗಳ ಮೇಲಿನ ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿ, ಮೇಲಕ್ಕೆ ಎಳೆದಿಡಿ. ಬಾಣ ಇರುವುದು ಬಿಚ್ಚುವುದಕ್ಕೆ. ಇದನ್ನೇ ಬಹಳ ಜನ ಉಲ್ಟಾ ಮಾಡುವುದು. ಬಿಳಿ ಕಾಲು ರಂಧ್ರದಲ್ಲಿ ನೆಟ್ಟಗೆ ಇಳಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ, ಒಂದೊಂದಾಗಿ ಒತ್ತಿ. ಟಕ್ ಅಂದ ಮಾತ್ರಕ್ಕೆ ನಂಬಬೇಡಿ. ಬೋರ್ಡಿನ ಹಿಂದೆ ನೋಡಿ: ಬಿಳಿ ಕಾಲು ಎರಡಾಗಿ ಅರಳಿ, ನಡುವೆ ಕಪ್ಪು ಕಡ್ಡಿ ಕಾಣಬೇಕು. ಒಂದು ಮೂಲೆ ಎದ್ದಿದ್ದರೂ ಕೆಲಸವಿಲ್ಲದೆ ಕೂತಾಗಲೇ ಬಿಸಿ ಏರುತ್ತದೆ. ಕ್ಯಾಬಿನೆಟ್‌ನಿಂದ ಬೋರ್ಡ್ ಹೊರತೆಗೆದೇ ಮಾಡುವುದು ವಾಸಿ.

ಬಿಚ್ಚಿ ಕೂರಿಸಿದಷ್ಟೂ ಬಿಳಿ ಕಾಲಿನ ಅಂಚು ಸವೆಯುತ್ತದೆ. ಬೆಂಗಳೂರಿನ ಧೂಳಿಗೆ ಬೇಸಿಗೆಗೊಮ್ಮೆ ಕೂಲರ್ ತೆಗೆಯುವ ಅಭ್ಯಾಸ ಅನೇಕರಿಗೆ, ಬೇಕಿಲ್ಲ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ರಷ್ ಮತ್ತು ಬ್ಲೋವರ್‌ನಿಂದ ಲೋಹದ ರೆಕ್ಕೆಗಳ ಸಂದಿನ ಧೂಳು ಬಿಡಿಸಿದರೆ ಆಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕೂಲರ್ ಕೊಳ್ಳುವಾಗ ಸಾಕೆಟ್ ಕೇಳಿ, ಸ್ಕೇಲ್ ಇಟ್ಟು ಅಳೆಯಿರಿ. ಅಕ್ಕಪಕ್ಕದ ರಂಧ್ರಗಳ ನಡುವಿನಿಂದ ನಡುವಿಗೆ 775ಕ್ಕೆ 72 ಮಿಲಿಮೀಟರ್, 1156ರಿಂದ 1200ರವರೆಗೆ 75, 1366ಕ್ಕೆ 80, 1700ಕ್ಕೆ 78. ಮೂರು ಮಿಲಿಮೀಟರ್ ತಾನೇ ಅಂತ ಬಲವಂತ ಮಾಡಿದರೆ ಕಾಲು ಓರೆಯಾಗಿ ಮುರಿಯುತ್ತದೆ.

ನನ್ನ ಅಂಕ ಐದಕ್ಕೆ ಎರಡೂವರೆ. ಒಮ್ಮೆ ಕೂರಿಸಿ ಮರೆಯುವವರಿಗೆ ತೊಂದರೆಯಿಲ್ಲ. ಪದೇಪದೇ ಬಿಚ್ಚುವವರು ಬ್ಯಾಕ್‌ಪ್ಲೇಟ್ (ಬೋರ್ಡಿನ ಹಿಂದೆ ಕೂರುವ ಪ್ಲೇಟ್) ಇರುವ ಸ್ಕ್ರೂ ಸೆಟ್ ಹಾಕಿಸಿ. 1155ರಂಥ ಬೋರ್ಡಿನ ಹಿಂದೆ ಸಾಕೆಟ್‌ನದೇ ಲೋಹದ ತಗಡು ಇರುತ್ತದೆ. ಅದಕ್ಕೆ ನಡುವೆ ಜಾಗ ಬಿಟ್ಟಿರುವ ಪ್ಲೇಟನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಸಮನಾಗಿ ಕೂರುವುದಿಲ್ಲ.